ಒಡೆಮುದ್ರೆಯ ಬಯಲು

ಚಿತ್ರದುರ್ಗದ ಕೋಟೆಯನ್ನು ಬೆನ್ನಿಗೆ ಬಿಟ್ಟು ಬಳ್ಳಾರಿಯ ದಿಕ್ಕಿಗೆ ಹೊರಟವರಿಗೆ, ಒಂದು ಗಂಟೆಯ ಹಾದಿ ಕಳೆದ ಮೇಲೆ ಗುಡ್ಡಗಳೆಲ್ಲ ತಟ್ಟನೆ ಹಿಂದೆ ಸರಿದು ನೆಲ ಅಂಗೈಯಷ್ಟು ಸಮವಾಗಿ ತೆರೆದುಕೊಳ್ಳುತ್ತದೆ. ಅಲ್ಲಿ ನೇರಲಗುಡ್ಡ, ಬಂಕನಹಟ್ಟಿ, ಸಿರೇಕೊಳ ಎಂಬ ಮೂರು ಊರುಗಳ ನಡುವೆ ಒಂದು ಪುಟ್ಟ ವಿಮಾನ ನಿಲ್ದಾಣವಿದೆ. ತಗಡಿನ ಮಾಡಿನ ಒಂದು ಹಜಾರ, ನೀರಿನ ತೊಟ್ಟಿ, ಹಾರಾಟ ಕಲಿಯುವವರ ನಾಲ್ಕು ಕೋಣೆಗಳು, ಅಂಗಳದಲ್ಲಿ ಹಗ್ಗ ಕಟ್ಟಿ ನಿಲ್ಲಿಸಿದ ಎರಡು ಬಿಳಿಯ ವಿಮಾನಗಳು. ಅಲ್ಲಿನ ಗಾಳಿಗೆ ಬಿಡುವೆಂಬುದಿಲ್ಲ. ಕಂಬದ ಮೇಲೆ ಗಾಳಿಯ ದಿಕ್ಕು ತೋರುವ ಗಾಳಿಚೀಲ ಹಗಲೆಲ್ಲ ಹೊಯ್ದಾಡುತ್ತದೆ; ಹಜಾರದಲ್ಲಿ ಬೆಂಚುಗಳಿದ್ದರೂ ಬಂದವರು ಕೂರುವುದಿಲ್ಲ, ಬೇಲಿಯ ಉದ್ದಕ್ಕೂ ಅತ್ತಿಂದಿತ್ತ ನಡೆಯುತ್ತಲೇ ಇರುತ್ತಾರೆ. ಹೆಬ್ಬಾಗಿಲಿನ ಫಲಕದ ಮೇಲೆ ‘ಒಡೆಮುದ್ರೆ’ ಎಂದು ಬರೆದಿದೆ. ಆ ಹೆಸರಿನ ಊರು ಸುತ್ತಮುತ್ತ ಎಲ್ಲಿಯೂ ಇಲ್ಲ. ಯಾವನೋ ಪಾಳೆಯಗಾರ ಯಾವನೋ ಸುಲ್ತಾನನ ಮುದ್ರೆಯನ್ನು ಧಿಕ್ಕರಿಸಿ ಒಡೆದಿರಬೇಕೆಂದು ಓದಿದವರು ಊಹಿಸುತ್ತಾರೆ. ಬಂಕನಹಟ್ಟಿಯ ಹಿರಿಯರಾದ ಸಣ್ಣಪಾಲಯ್ಯನವರ ಮುಂದೆ ಹಾಗೆಂದರೆ ಅವರು ನಗುತ್ತಾರೆ. “ಪಾಳೆಯಗಾರ ಎಲ್ಲಿಂದ ಬಂದಾನು? ಒಡೆದಿದ್ದು ಒಬ್ಬಳು ಹೆಂಗಸು. ಹಾರೆ ಹಿಡಿದು ಒಡೆದ್ಲು. ನಾನೇ ಕಣ್ಣಾರೆ ಕಂಡೀನಿ” ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಬಯಲು ಮೂರೂ ಊರುಗಳ ಕಣವಾಗಿತ್ತು ಎನ್ನುತ್ತಾರೆ. ಸುಗ್ಗಿಯಲ್ಲಿ ಜೋಳದ ತೆನೆ ಇಲ್ಲಿಗೇ ಬರುತ್ತಿತ್ತು. ಬಡಿದು, ತೂರಿ, ಕಾಳನ್ನು ಗುಡ್ಡೆ ಹಾಕಿದ ಮೇಲೆ ರಾಶಿಯ ಪಾಲುದಾರರೆಲ್ಲ ಬಂದು ಅಳೆಯುವ ತನಕ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಅಲ್ಲಿಯವರೆಗೆ ರಾಶಿಯನ್ನು ಕಾಯುತ್ತಿದ್ದುದು ಕೋಲು ಹಿಡಿದ ಕಾವಲುಗಾರನಲ್ಲ, ಮುದ್ರೆ. ನೇರಲಗುಡ್ಡದಲ್ಲಿ ಮುದ್ರೆಯವರದು ಎಂದು ಕರೆಯುವ ಒಂದು ಮನೆತನವಿತ್ತು. ಆ ಮನೆಯವರು ಬಂದು ರಾಶಿಯ ಬುಡದಿಂದ ನೆತ್ತಿಗೇರಿ ಆಚೆಯ ಬುಡಕ್ಕಿಳಿಯುವಂತೆ ಸುಣ್ಣದ ಪುಡಿಯಿಂದ ಎರಡು ಗೆರೆ ಎಳೆಯುತ್ತಿದ್ದರು. ಗೆರೆಗಳು ನೆತ್ತಿಯಲ್ಲಿ ಒಂದನ್ನೊಂದು ಹಾಯ್ದು ಕತ್ತರಿಯ ಆಕಾರ ತಾಳುತ್ತಿದ್ದವು. ನಾಲ್ಕು ತುದಿಗಳಲ್ಲಿ ಮರದ ಅಚ್ಚನ್ನು ಒತ್ತಿದರೆ ಮುಗಿಯಿತು. ಒಂದು ಹಿಡಿ ಕಾಳು ತೆಗೆದರೂ ಗೆರೆ ಕುಸಿದು ಕಳವು ಬಯಲಾಗುತ್ತಿತ್ತು. ಈ ಮುದ್ರೆಗೆ ಎರಡು ಕಟ್ಟಳೆಗಳಿದ್ದವು. ಮುದ್ರೆಯನ್ನು ಹಾಕಿದವರೇ ಒಡೆಯಬೇಕು. ಬೇರೆಯವರ ಮುದ್ರೆಯನ್ನು ಒಡೆದ ಮನೆ ಇನ್ನೆಂದಿಗೂ ಅಚ್ಚು ಹಿಡಿಯಬಾರದು, ಇದು ಮೊದಲನೆಯದು. ಗಾಳಿಗೋ ಇರುವೆಗೋ ಮುದ್ರೆ ಮಾಸಿದರೆ, ಯಾರದೇ ಆಗಿರಲಿ, ಮುದ್ರೆಯ ಮನೆಯವರು ಅದನ್ನು ಹಾಗೆಯೇ ತಿದ್ದಿ ಉಳಿಸಬೇಕು, ಇದು ಎರಡನೆಯದು. ಮಾಸಲು ಬಿಟ್ಟರೆ ಕದ್ದ ಅಪವಾದ ಇಡೀ ಊರಿನ ತಲೆಗೆ ಬರುತ್ತಿತ್ತು.

ಎರಡನೆಯ ಮಹಾಯುದ್ಧದ ನಡುವೆ ಒಂದು ದಿನ ಲಾರಿಗಳು ಬಂದವು. ಬಯಲು ಸೇನೆಗೆ ಬೇಕಾಗಿದೆ, ಯುದ್ಧ ಮುಗಿದ ಮೇಲೆ ಜನರ ಬಳಕೆಗೆ ಹಿಂತಿರುಗುತ್ತದೆ ಎಂದು ತಮಟೆ ಹೊಡೆಸಿ ಸಾರಿದರು. ಕಣಗಳು ಊರುಗಳ ಹಿತ್ತಿಲಿಗೆ ಸರಿದವು. ಬಯಲಿನಲ್ಲಿ ಜಲ್ಲಿ ಬಿತ್ತು, ಡಾಂಬರು ಹರಿಯಿತು, ಉದ್ದನೆಯ ಕರಿಯ ದಾರಿಯೊಂದು ಎಲ್ಲಿಗೂ ಹೋಗದೆ ಅಲ್ಲಿಯೇ ಮಲಗಿತು. ಮೂರು ವರ್ಷ ವಿಮಾನಗಳು ಇಳಿದವು, ಏರಿದವು, ಮೂರೂರಿನ ದನಗಳು ಬೆದರಿದವು. ಯುದ್ಧ ಮುಗಿಯಿತು. ಸೈನಿಕರು ಡೇರೆ ಕಿತ್ತರು. ಹೊರಡುವ ಮುನ್ನಾದಿನ ದಾರಿಯ ಎರಡು ತುದಿಗಳಲ್ಲಿ, ಮೂವತ್ತು ಹೆಜ್ಜೆ ಉದ್ದದ ಗೆರೆಗಳನ್ನು ಸುಣ್ಣದಲ್ಲಿ ಓರೆಯಾಗಿ ಎಳೆದು, ಒಂದೊಂದು ದೊಡ್ಡ ಕತ್ತರಿ ಗುರುತು ಬರೆದು ಹೋದರು. ಮುದ್ರೆಯ ಮನೆಯ ಯಜಮಾನ ಬೊಮ್ಮಜ್ಜ ಹೋಗಿ ಗುರುತನ್ನು ಸುತ್ತಿ ನೋಡಿ ಬಂದು, ಚಾವಡಿಯಲ್ಲಿ ನಿಂತು ಹೇಳಿದನಂತೆ: “ಮುದ್ರೆ ಹಾಕ್ಯವ್ರೆ. ಬಂದು ಒಡೆದು, ನಮ್ಮ ಕೈಗೆ ಅಳೆದು ಕೊಟ್ಟು ಹೋಗ್ತಾರೆ. ಅಲ್ಲೀತನಕ ಮಾಸಬಾರದು.” ಬೊಮ್ಮಜ್ಜನ ಮಾತಿನಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಕತ್ತರಿ ಗುರುತಿಗೆ ಬೇರೆ ಅರ್ಥವಿರಬಹುದೆಂದು ಯೋಚಿಸಲು, ಅವರು ಹುಟ್ಟಿದಾಗಿನಿಂದ ಬೇರೆ ಅರ್ಥವನ್ನು ಕಂಡಿರಲಿಲ್ಲ.

ಅಂದಿನಿಂದ ಪ್ರತಿ ವರ್ಷ ದೀಪಾವಳಿಗೆ ಮನೆಮನೆಯಲ್ಲಿ ಸುಣ್ಣ ಬೇಯುವಾಗ ಮೂರೂ ಊರಿನವರು ಮನೆಗೊಂದು ಬುಟ್ಟಿಯಂತೆ ಸುಣ್ಣವನ್ನು ಮುದ್ರೆಯ ಮನೆಗೆ ತಲುಪಿಸುತ್ತಿದ್ದರು. ಬೊಮ್ಮಜ್ಜ ಎರಡು ಗುರುತುಗಳಿಗೂ ಹೊಸದಾಗಿ ಬಳಿಯುತ್ತಿದ್ದ. ಅವನ ನಂತರ ಮಗ ಬಳಿದ. ಆ ಮಗ ಹಾವು ಕಡಿದು ತೀರಿಕೊಂಡ ಮೇಲೆ ಸೊಸೆ ತಿಪ್ಪಕ್ಕ ಬಳಿದಳು. ಮದುವೆಯಾಗಿ ಬಂದ ವರ್ಷವೇ ಮಾವನ ಹಿಂದೆ ಸುಣ್ಣದ ನೀರು ಹೊತ್ತವಳು ಅವಳು. ಸುಗ್ಗಿಯಲ್ಲಿ ಮನೆಮನೆಯ ಕಣಕ್ಕೆ ಹೋಗಿ ಅಚ್ಚು ಒತ್ತುವುದು, ಪ್ರತಿ ರಾಶಿಯಿಂದ ಒಂದು ಮೊರ ಜೋಳ ಪಡೆಯುವುದು, ದೀಪಾವಳಿಗೆ ಬಯಲಿನ ಮುದ್ರೆಯನ್ನು ಉಳಿಸುವುದು, ಅವಳ ಬದುಕೆಲ್ಲ ಇಷ್ಟೇ ಆಗಿತ್ತು. ಬಂದು ಒಡೆಯಬೇಕಾದವರು ಬರಲಿಲ್ಲ. ಆ ಕಾರಣಕ್ಕೋ ಏನೋ, ಬಯಲಿನತ್ತ ಹೋದವರಿಗೆ ಅಲ್ಲಿ ನಿಲ್ಲಲು ಮನಸ್ಸಾಗುತ್ತಿರಲಿಲ್ಲ. ದನ ಮೇಯಿಸುವವರು ಸಹ ಡಾಂಬರನ್ನು ತುಳಿಯದೆ ಬಳಸಿ ನಡೆಯುತ್ತಿದ್ದರು. ವಿಮಾನದ ಸದ್ದು ಕೇಳಿದಾಗಲೆಲ್ಲ ತಿಪ್ಪಕ್ಕ ಹಿಟ್ಟಿನ ಕೈಯಲ್ಲೇ ಅಂಗಳಕ್ಕೆ ಬಂದು ಆಕಾಶ ನೋಡುತ್ತಿದ್ದಳು. ಹೀಗೆ ನಲವತ್ತು ವರ್ಷಗಳು ಕಳೆದವು.

ಆಗ ಸರ್ಕಾರ ಒಂದು ಯೋಜನೆಯನ್ನು ಹೊರಡಿಸಿತು. ಯುದ್ಧಕಾಲದಲ್ಲಿ ಕಟ್ಟಿ, ಬಳಿಕ ಹಾಗೆಯೇ ಬಿಟ್ಟ ಸೇನಾ ವಿಮಾನತಾಣಗಳನ್ನು ಜನರ ಉಪಯೋಗಕ್ಕೆ ತರಲು ನೆರವು ನೀಡುವ ಯೋಜನೆ ಅದು. ಓಡುದಾರಿಯ ದುರಸ್ತಿ, ಹಜಾರ, ಬಾವಿ, ಹಾರಾಟ ಕಲಿಸುವ ಶಾಲೆ, ದುರ್ಗಮ ಊರುಗಳಿಂದ ರೋಗಿಗಳನ್ನು ಒಯ್ಯುವ ಸಣ್ಣ ವಿಮಾನ, ಇವೆಲ್ಲ ಅದರಲ್ಲಿದ್ದವು. ಮೂರೂರಿನ ಬಯಲು ಪಟ್ಟಿಯಲ್ಲಿತ್ತು. ಅದರ ಹೊಣೆ ಹೊತ್ತು ಬಂದವನು ವಾಮದೇವನೆಂಬ ತರುಣ ಇಂಜಿನಿಯರ್. ಯುದ್ಧಕ್ಕೆಂದು ಹಾಸಿದ ಕಲ್ಲಿನ ಮೇಲೆ ಹೆರಿಗೆಯ ಹೆಣ್ಣುಮಗಳೊಬ್ಬಳು ಆಸ್ಪತ್ರೆಗೆ ಹಾರುವುದನ್ನು ತಾನು ನೋಡಬೇಕೆಂದು ಅವನು ಚಾವಡಿಯಲ್ಲಿ ಹೇಳಿದಾಗ, ಗೌಡ ಚಿತ್ತಯ್ಯನ ಕಣ್ಣು ಒದ್ದೆಯಾಯಿತಂತೆ; ಅವನ ಮೊದಲ ಹೆಂಡತಿ ಹೆರಿಗೆಗೆಂದು ಗಾಡಿಯಲ್ಲಿ ದುರ್ಗದ ಹಾದಿ ಹಿಡಿದು, ಅರ್ಧದಲ್ಲೇ ತೀರಿಕೊಂಡಿದ್ದಳು. ನೆರವು ಮಂಜೂರಾಗಲು ಒಂದು ಷರತ್ತಿತ್ತು. ಪರೀಕ್ಷೆಯ ವಿಮಾನವೊಂದು ಬಂದು, ಇಳಿದು, ನೆಲ ಗಟ್ಟಿಯಾಗಿದೆಯೆಂದು ವರದಿ ಬರೆಯಬೇಕು. ಅದು ದೀಪಾವಳಿ ಕಳೆದು ಎಂಟನೆಯ ದಿನ ಬರುವುದೆಂದು ಗೊತ್ತಾಯಿತು. ಬರಬೇಕಾದವರು ಕೊನೆಗೂ ಬರುತ್ತಿದ್ದಾರೆಂದು ತಿಪ್ಪಕ್ಕ ಆ ವರ್ಷ ಮುದ್ರೆಗೆ ಒಂದರ ಮೇಲೊಂದು ಎರಡು ಸಲ ಬಳಿದಳು. ಊರು ಹೇಗೆ ಕಾದಿದೆಯೆಂದು ಮೇಲಿನಿಂದಲೇ ಕಾಣಲಿ ಎಂಬುದು ಅವಳ ಆಸೆ.

ವಿಮಾನ ಹೇಳಿದ ಹೊತ್ತಿಗೇ ಬಂತು. ಮೂರೂರಿನ ಜನ ಬಯಲಿನ ಅಂಚಿನಲ್ಲಿ ಕಿಕ್ಕಿರಿದಿದ್ದರು. ಅದು ಕೆಳಗಿಳಿಯಿತು, ಕತ್ತರಿ ಗುರುತಿನ ಮೇಲೆ ಹಾದುಹೋಯಿತು, ಮೇಲೇರಿತು. ಇನ್ನೊಂದು ತುದಿಯಿಂದ ಬಂತು, ಅಲ್ಲಿಯೂ ಹಾಗೆಯೇ ಏರಿತು. ಮೂರನೆಯ ಸುತ್ತಿನಲ್ಲಿ ಹೆಂಗಸರು ಸೆರಗು ಬೀಸಿ ಕರೆದರು. ವಿಮಾನ ರೆಕ್ಕೆ ಓರೆ ಮಾಡಿ ದಕ್ಷಿಣಕ್ಕೆ ತಿರುಗಿ ಹೊರಟುಹೋಯಿತು. ಮೂರನೆಯ ದಿನ ವಾಮದೇವ ಧೂಳು ಹೊತ್ತು ಓಡಿಬಂದವನು ಚಾವಡಿಯನ್ನೂ ಹತ್ತದೆ ಕೇಳಿದ, “ಆ ಗುರುತು ಯಾರು ಬಳಿದದ್ದು?” ಎಲ್ಲರೂ ಹೆಮ್ಮೆಯಿಂದ ತಿಪ್ಪಕ್ಕನ ಕಡೆ ಕೈ ತೋರಿದರು. ಓಡುದಾರಿಯ ಮೇಲೆ ಬಿಳಿಯ ಕತ್ತರಿ ಇದ್ದರೆ ಲೋಕದ ಯಾವ ವಿಮಾನವೂ ಅಲ್ಲಿ ಇಳಿಯುವುದಿಲ್ಲ; ಈ ದಾರಿ ಮುಚ್ಚಿದೆ, ಇಳಿಯಬೇಡಿ ಎಂಬುದೇ ಅದರ ಅರ್ಥ; ಸೈನಿಕರು ಬರೆದು ಹೋದದ್ದು ಅದನ್ನೇ ಎಂದು, ವಿಮಾನದವರಿಂದ ತಾನೂ ಆಗಷ್ಟೇ ಅರಿತದ್ದನ್ನು ಅವನು ಮೆಲ್ಲಗೆ ತಿಳಿಸಿದ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಯುವಕ ನಕ್ಕು ಅಂದ: “ಅಲ್ಲ ದೊಡ್ಡವ್ವ, ನಲವತ್ತು ವರ್ಷ ‘ಬರಬೇಡಿ’ ಅಂತ ನೀನೇ ಬರೆದು, ಬರ್ಲಿಲ್ಲ ಅಂತ ನೀನೇ ಕಾದೆಯಲ್ಲ!” ನಗು ಎದ್ದಿತು, ಗೋಡೆಗೆ ಬಡಿಯಿತು. ತಿಪ್ಪಕ್ಕ ನಗುತ್ತಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿ, ಸೆರಗು ಸರಿಮಾಡಿಕೊಂಡು ಮನೆಗೆ ಹೋದಳು. “ಆ ಮಾತು ಆಡಿದವನು ನಾನೇ” ಎಂದು ಸಣ್ಣಪಾಲಯ್ಯನವರು ಇಲ್ಲಿ ತಡೆಯುತ್ತಾರೆ. “ನನಗಾಗ ಇಪ್ಪತ್ತಾರು ವರ್ಷ. ಮೀಸೆ ಇತ್ತು, ಬುದ್ಧಿ ಇರ್ಲಿಲ್ಲ.”

ಸಂಕ್ರಾಂತಿಯ ಮರುವಾರ, ಸೋಮವಾರ, ವಿಮಾನವನ್ನು ಇನ್ನೊಮ್ಮೆ ಕಳಿಸಲು ವಾಮದೇವ ಮೇಲಿನವರನ್ನು ಒಪ್ಪಿಸಿದ್ದ. ಅದೇ ಕೊನೆ. ಅಂದೂ ಇಳಿಯದಿದ್ದರೆ ನೆರವು ಪಟ್ಟಿಯ ಮುಂದಿನ ತಾಣಕ್ಕೆ ಹೋಗುತ್ತದೆ. ಬಯಲಿನ ಅಡಿಯ ಕರಿಕಲ್ಲಿನ ಮೇಲೆ ಆಗಲೇ ಗಣಿಯವರ ಕಣ್ಣು ಬಿದ್ದಿತ್ತು, ಗುತ್ತಿಗೆಯ ಅರ್ಜಿ ಸಿದ್ಧವಾಗಿತ್ತು. ಗುರುತನ್ನು ಅಳಿಸಿದರಾಯಿತು ಎಂದು ವಾಮದೇವ ಸುಲಭವಾಗಿ ಹೇಳಿದ್ದ. ಆದರೆ ಮೂರೂರಿನಲ್ಲಿ ಒಂದು ಕೈಯೂ ಮೇಲೇಳಲಿಲ್ಲ. ಮೇಲಿನವರು ಮುಚ್ಚುಗುರುತು ಅನ್ನಲಿ, ಏನೇ ಅನ್ನಲಿ, ನಲವತ್ತು ವರ್ಷ ಮುದ್ರೆಯೆಂದು ಕಾಯ್ದದ್ದು ಮುದ್ರೆಯೇ. ಅದನ್ನು ಹಾಕಿದವರೇ ಬಂದು ಒಡೆಯಬೇಕು. ವಾಮದೇವನಿಗೆ ಇದು ಮೊದಲು ವಿಚಿತ್ರವೆನಿಸಿತು, ಆಮೇಲೆ ದೊಡ್ಡದೆನಿಸಿತು. ಅವನು ಸೇನೆಗೆ ಕಾಗದ ಬರೆದ: ಒಬ್ಬ ಸಿಪಾಯಿಯನ್ನಾದರೂ ಕಳಿಸಿ, ಬಂದು ಕಾಲಿನಿಂದ ಒಮ್ಮೆ ಕೆದರಿ ಹೋಗಲಿ, ಸಾಕು. ಸಂಕ್ರಾಂತಿಗೆ ಎರಡು ದಿನವಿರುವಾಗ ಉತ್ತರ ಬಂತು. ಆ ತಾಣದಲ್ಲಿದ್ದ ತುಕಡಿಯನ್ನು ಯುದ್ಧ ಮುಗಿದ ವರ್ಷವೇ ವಿಸರ್ಜಿಸಲಾಗಿದೆ. ಅದರ ಹೆಸರಿನಲ್ಲಿ ಬರಲು ಈಗ ಯಾರೂ ಇಲ್ಲ.

ಚಾವಡಿಯಲ್ಲಿ ಮತ್ತೆ ಜನ ಸೇರಿತು. ಯಾರೂ ನೆಟ್ಟಗೆ ಕೂತಿರಲಿಲ್ಲ. ಕಂಬಕ್ಕೆ ಒರಗಿದವರು ನೆಟ್ಟಗಾದರು, ಕೂತವರು ಎದ್ದು ಬಾಗಿಲಿಗೆ ಹೋಗಿ ಬಯಲು ನೋಡಿ ಬಂದರು. ಗೌಡ ಚಿತ್ತಯ್ಯ ಒಂದು ದಾರಿ ಹುಡುಕಿದ. “ತಿಪ್ಪಕ್ಕ, ಕಟ್ಟಳೆ ಇರೋದು ರಾಶಿಗೆ. ಇದೇನು ಜೋಳದ ರಾಶಿಯೇನವ್ವ? ಇದೊಂದು ಸಲಕ್ಕೆ ಕಟ್ಟಳೆ ಬಿಟ್ಟೀವಿ ಅಂತ ಮೂರೂರೂ ಸೇರಿ ಅಂದ್ಬಿಡಾಣ. ನೀನೇ ಒಡಿ. ನಿನ್ನ ಅಚ್ಚು ನಿನ್ನ ಕೈಯಾಗೇ ಇರ್ಲಿ.”

ತಿಪ್ಪಕ್ಕ ಎದ್ದು ನಿಂತಳು. “ಜೋಳದ ರಾಶಿ ಅಂತ ತಾನೆ ಗೌಡ, ನಲವತ್ತು ವರ್ಷ ಮನೆಗೊಂದು ಬುಟ್ಟಿ ಸುಣ್ಣ ಕೊಟ್ಟಿದ್ದು? ಇವತ್ತು ಬೇಕಾಯ್ತು ಅಂತ ರಾಶಿ ಅಲ್ಲ ಅಂದ್ರೆ, ನಾಳೆ ನಿನ್ನ ಕಣದಾಗೆ ನಾನು ಎಳೆದ ಗೆರೇನ ಯಾರು ನಂಬ್ತಾರೆ?”

“ಹಂಗಾದ್ರೆ ಗಣಿಯೋರಿಗೆ ಬಿಡೋದಾ?”

“ಬಿಡು ಅಂತ ನಾನೆಲ್ಲಂದೆ? ಒಡೀತೀನಿ. ಕಟ್ಟಳೆ ಇಟ್ಕೊಂಡೇ ಒಡೀತೀನಿ. ಒಡೆದ ಮೇಲೆ ನಮ್ಮನೆಗೆ ಅಚ್ಚಿಲ್ಲ. ನೀವು ಇನ್ನೊಂದು ಮನೆ ನೋಡ್ಕಳಿ. ಒಂದೇ ಮಾತು: ನಾನು ಒಡೆಯೋವಾಗ ಯಾರೂ ಹತ್ರ ಬರಬಾರ್ದು. ತಪ್ಪು ಒಂದೇ ಮನೇದಾಗಿ ಹೋಗ್ಲಿ.”

ಅಂದು ಸಂಜೆ ಅವಳು ಮಾವನ ಕೈ ಸವೆಸಿದ ಮರದ ಅಚ್ಚನ್ನು ಒಲೆಗಿಟ್ಟು ಅಂಬಲಿ ಕಾಯಿಸಿ ಕುಡಿದಳು ಎನ್ನುತ್ತಾರೆ. ಮರುದಿನ ಹಾರೆ ಹಿಡಿದು ಬಯಲಿಗೆ ಹೋದಳು. ಅಳಿಸುವುದೆಂದರೆ ನೀರು ಹುಯ್ದು ಉಜ್ಜುವುದಲ್ಲವೆಂದು ಆಗ ಎಲ್ಲರಿಗೂ ತಿಳಿಯಿತು. ವರ್ಷಕ್ಕೊಂದರಂತೆ ಕೂತ ಸುಣ್ಣದ ಪದರಗಳು ಒಂದಕ್ಕೊಂದು ಹತ್ತಿ ಹೆಬ್ಬೆರಳಿನಷ್ಟು ದಪ್ಪದ ಗಟ್ಟಿ ಹಕ್ಕಳೆಯಾಗಿ, ಡಾಂಬರನ್ನು ಕಚ್ಚಿ ಹಿಡಿದಿದ್ದವು. ಹಾರೆಯ ಏಟಿಗೆ ಅಂಗೈಯಗಲದ ಚೂರು ಏಳುತ್ತಿತ್ತು, ಅಷ್ಟೇ. ಐವತ್ತೇಳು ವರ್ಷದ ಹೆಂಗಸಿಗೆ ಒಂದು ಗುರುತನ್ನು ಒಡೆಯಲು ಐದು ದಿನ ಹಿಡಿಯಿತು. ಚೂರುಗಳನ್ನು ಅವಳೇ ಗುಡಿಸಿ, ಬುಟ್ಟಿಯಲ್ಲಿ ಹೊತ್ತು ಆಚೆ ಚೆಲ್ಲಿ ಬಂದಳು. ಜನ ದಿನವೂ ಬಂದು ಅಂಚಿನಲ್ಲಿ ನಿಲ್ಲುತ್ತಿದ್ದರು. ನೋಡುವುದಾಗುತ್ತಿರಲಿಲ್ಲ, ಮನೆಗೆ ಹೋದರೆ ಇರುವುದಾಗುತ್ತಿರಲಿಲ್ಲ, ಮತ್ತೆ ಬರುತ್ತಿದ್ದರು. ವಾಮದೇವ ಒಂದು ಸಲ ಕೂಲಿಯವರನ್ನು ಕರೆತರುತ್ತೇನೆಂದ. ಅವಳು ತಲೆ ಎತ್ತದೆ, “ನಿನ್ನ ಕೂಲಿಯೋರ ಮನೇಲೂ ಕಣ ಇರ್ತದಪ್ಪ” ಎಂದಳು.

ಸೋಮವಾರ ಬೆಳಗಾದಾಗ ಎರಡನೆಯ ಗುರುತಿನ ಒಂದು ಗೆರೆ ಮಾತ್ರ ಹೋಗಿತ್ತು. ಇನ್ನೊಂದು ಇಡಿಯಾಗಿ ಉಳಿದಿತ್ತು. ವಿಮಾನ ಹನ್ನೊಂದಕ್ಕೆ ಬರುವುದಿತ್ತು. ಗಾಳಿ ಎದ್ದು ಸುಣ್ಣದ ಪುಡಿ ಅವಳ ಮುಖ, ಕೂದಲು, ಸೀರೆ ಎಲ್ಲವನ್ನೂ ಬೆಳ್ಳಗೆ ಮಾಡಿತ್ತು. ಅಂಗೈ ಒಡೆದು ಹಾರೆಯ ಹಿಡಿ ಜಾರುತ್ತಿತ್ತು. ಎಂಟು ಗಂಟೆಯ ಹೊತ್ತಿಗೆ ಅವಳು ಒಮ್ಮೆ ಮಂಡಿಯೂರಿದವಳು ಏಳಲು ತಡಮಾಡಿದಳು. ಆಗ ಅಂಚಿನಲ್ಲಿದ್ದ ಒಬ್ಬ ಮುದುಕಿ, ಕಣಕ್ಕೆ ಇಳಿಯುವವರು ಮಾಡುವಂತೆ ಕಾಲಿನ ಚಪ್ಪಲಿ ಬಿಟ್ಟು, ಪಕ್ಕದವನ ಕೈಯ ಸಲಿಕೆ ಕಸಿದುಕೊಂಡು ಡಾಂಬರಿನ ಮೇಲೆ ನಡೆದಳು. ಅವಳು ಸಣ್ಣಪಾಲಯ್ಯನವರ ತಾಯಿ. “ನನ್ನನ್ನ ದಾಟಿ ಹೋಗ್ತಾ ಒಂದೇ ಮಾತಂದ್ಲು” ಎಂದು ಅವರು ನೆನೆಯುತ್ತಾರೆ. “‘ನಿನ್ನ ಬಾಯಿ ಅವತ್ತು ಕೆಲಸ ಮಾಡ್ತಲ್ಲ, ಇವತ್ತು ಕೈ ಮಾಡ್ಲಿ ಬಾ’ ಅಂದ್ಲು. ನಾನು ಮೊದಲು ಹೋದೆ ಅಂತ ಸುಳ್ಳು ಹೇಳಲಾರೆ. ಅವಳ ಹಿಂದೆ ಹೋದೆ.” ಅವರ ಹಿಂದೆ ಗೌಡ ಚಿತ್ತಯ್ಯ ಹೋದ. ಆಮೇಲೆ ಯಾರು ಯಾರ ಹಿಂದೆ ಹೋದರೆಂಬ ಲೆಕ್ಕ ಉಳಿಯಲಿಲ್ಲ. ಮೂರೂ ಊರಿನ ಪ್ರತಿ ಮನೆಯಿಂದಲೂ ಒಂದು ಕೈಯಾದರೂ ಸೇರಿತು. ಹಾರೆ, ಗುದ್ದಲಿ, ಕೊಡಲಿಯ ಹಿಂಬದಿ, ಸಿಕ್ಕಿದ್ದರಿಂದ ಒಡೆದರು. ಹೆಂಗಸರು ಪೊರಕೆ ತಂದು ಗುಡಿಸಿದರು.

ತಿಪ್ಪಕ್ಕನಿಗೆ ಇದರಿಂದ ಸಂತೋಷವಾಗಲಿಲ್ಲ. ಅವಳು ಎದ್ದು ನಿಂತು ಎಲ್ಲರನ್ನೂ ಬೈದಳು. “ಯಾರು ಕರೆದ್ರು ನಿಮ್ಮನ್ನ? ನಾನೊಬ್ಬಳು ಕಳ್ಕೊಂಡ್ರೆ ಇನ್ನೊಂದು ಮನೆಗಾದ್ರೂ ಉಳೀತಿತ್ತು. ಈಗ ಮೂರೂರಾಗೆ ಅಚ್ಚು ಹಿಡಿಯೋ ಕೈ ಒಂದೂ ಇಲ್ಲದಂಗೆ ಮಾಡಿದ್ರಲ್ಲೋ!” ಬೈಯುತ್ತಲೇ ಅತ್ತಳು; ಜನ ಬೈಸಿಕೊಳ್ಳುತ್ತಲೇ ಒಡೆದರು. ಹತ್ತೂವರೆಗೆ ಕೊನೆಯ ಚೂರು ಎದ್ದಿತು. ವಾಮದೇವ ಎಲ್ಲರನ್ನೂ ಅಂಚಿಗೆ ಸರಿಸಿ, ವರದಿಯ ಹಾಳೆ ಬಿಡಿಸಿದ. ಸೇನೆಯ ಕಡತದಲ್ಲಿ ಈ ತಾಣಕ್ಕೆ ಒಂದು ಸಂಖ್ಯೆ ಮಾತ್ರವಿತ್ತು. ಹೊಸ ಹಾಳೆಯಲ್ಲಿ ಹೆಸರು ಬೇಕಿತ್ತು. ಮೂರು ಊರುಗಳಲ್ಲಿ ಯಾವುದನ್ನು ಬರೆದರೂ ಇನ್ನೆರಡು ಮುನಿಯುತ್ತವೆಂದು ಅವನಿಗೆ ಗೊತ್ತಿತ್ತು. ಹತ್ತಿರವಿದ್ದ ತಿಪ್ಪಕ್ಕನನ್ನೇ ಕೇಳಿದ, “ಅಮ್ಮಾ, ಈ ಜಾಗಕ್ಕೆ ಏನಂತ ಬರೆಯಲಿ?” ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. “ಮುದ್ರೆ ಒಡೆದ ಜಾಗ ಅಂತ ಬರಿ. ಮಾಡಿದ್ದನ್ನ ಮುಚ್ಚಿಡಬೇಡ” ಎಂದಳು. ಅವನು ಹಾಗೆಯೇ ಬರೆದ. ಸ್ವಲ್ಪ ಹೊತ್ತಿಗೆ ವಿಮಾನ ಬಂತು, ಒಂದು ಸುತ್ತು ಹಾಕಿತು, ಇಳಿಯಿತು. ಅದು ನಿಂತಾಗ ಜನ ಕೂಗಲಿಲ್ಲ ಎನ್ನುತ್ತಾರೆ. ಎಲ್ಲರೂ ತಮ್ಮ ತಮ್ಮ ಕೈಗಳನ್ನು ನೋಡಿಕೊಳ್ಳುತ್ತ ನಿಂತಿದ್ದರಂತೆ.

ನೆರವು ಮಂಜೂರಾಯಿತು. ದಾರಿ ಹೊಸದಾಯಿತು, ಹಜಾರ ಎದ್ದಿತು, ಶಾಲೆ ಬಂತು. ನಾಲ್ಕನೆಯ ವರ್ಷ ಸಿರೇಕೊಳದ ಒಬ್ಬ ತುಂಬು ಬಸುರಿ ಇಲ್ಲಿಂದಲೇ ಹಾರಿ, ಮಗುವಿನೊಂದಿಗೆ ಹಿಂತಿರುಗಿದಳು. ಕಡತದಲ್ಲಿದ್ದ ಉದ್ದದ ಹೆಸರು ಬಾಯಿಂದ ಬಾಯಿಗೆ ಸವೆದು ಒಡೆಮುದ್ರೆಯಾಗಿ ನಿಂತಿತು. ತಿಪ್ಪಕ್ಕ ಗೌಡನೊಡನೆ ಒಂದು ವರ್ಷ ಮಾತಾಡಲಿಲ್ಲ. ಬದುಕಿರುವ ತನಕ ಮನೆಮನೆಯಿಂದ ಒಂದು ಮೊರ ಜೋಳ ಅವಳ ಬಾಗಿಲಿಗೆ ಬಂದರೂ, ಕೆಲಸ ಮಾಡದ ಮನೆಗೆ ಆಯದ ಕಾಳಿಲ್ಲವೆಂದು ಹಿಂದಕ್ಕೆ ಕಳಿಸಿದಳು.

ಮಾಘದಲ್ಲಿ ಒಡೆಮುದ್ರೆಗೆ ಬಂದವರು ಬೇಲಿಯಾಚೆಯ ಊರುಗಳತ್ತ ಕಣ್ಣು ಹಾಯಿಸಬೇಕು. ಈ ಸೀಮೆಯ ಇತರ ಊರುಗಳಲ್ಲಿ ಇಂದಿಗೂ ರಾಶಿಯ ಮೇಲೆ ಸುಣ್ಣದ ಗೆರೆ ಎಳೆಯುತ್ತಾರೆ. ಈ ಮೂರು ಊರುಗಳಲ್ಲಿ ಎಳೆಯುವುದಿಲ್ಲ. ಹೊರಗಿನಿಂದ ಒಬ್ಬ ಮುದ್ರೆಯವನನ್ನು ಕರೆಸಬಹುದಿತ್ತು, ಯಾರೂ ಕರೆಸಿಲ್ಲ. ಕಾಳಿನ ಗುಡ್ಡೆಗಳು ಒಂದು ಗುರುತೂ ಇಲ್ಲದೆ ಬಯಲಿಗೆ ಬಿದ್ದಿರುತ್ತವೆ, ಅಳೆಯುವ ದಿನದವರೆಗೆ ಮನೆಯವರು ಸರದಿಯಂತೆ ಅವುಗಳ ಸುತ್ತ ನಡೆಯುತ್ತಲೇ ಇರುತ್ತಾರೆ. ಹಾರಾಟ ಕಲಿಯಲು ಬಂದವರಿಗೆ ಗುರುಗಳು ಮೊದಲು ಕಲಿಸುವ ಪಾಠವೂ ಇದೇ ಎನ್ನುತ್ತಾರೆ: ದುರ್ಗದಿಂದ ಬಳ್ಳಾರಿಯ ತನಕ ಕೆಳಗೆ ಬಿಳಿಯ ಕತ್ತರಿ ಹೊತ್ತ ರಾಶಿಗಳೇ ಕಾಣುತ್ತವೆ; ಗೆರೆಯಿಲ್ಲದ ಬರಿಯ ಹಳದಿ ರಾಶಿಗಳೂ, ಅವುಗಳ ಸುತ್ತ ತಿರುಗುವ ಮನುಷ್ಯರೂ ಎಲ್ಲಿ ಕಂಡರೋ, ಅಲ್ಲಿ ಇಳಿಯಬಹುದು.